ಒಂದೇ ಮನೆ, ಎರಡು ಕಲ್ಲು

“ಅಮ್ಮಾ, ಈ ಕಲ್ಲು ನಿಜವಾಗ್ಲೂ ನಿಮ್ಮದೇನಾ?”

ಡಾಕ್ಟರು ಹೀಗೆ ಕೇಳಿದ್ದೇ ತಡ, ನನ್ನ ಅತ್ತಿಗೆ ದಾಕ್ಷಾಯಿಣಿ ತಲೆ ತಗ್ಗಿಸಿದರು. ಅವರ ಪಕ್ಕದಲ್ಲಿದ್ದ ನಮ್ಮಣ್ಣ ಮಹದೇವಪ್ಪ ಗೋಡೆಗೆ ನೇತುಹಾಕಿದ್ದ ಕಿಡ್ನಿಯ ಚಿತ್ರವನ್ನು ಪರೀಕ್ಷೆಗೆ ಓದುವವನ ಹಾಗೆ ನೋಡತೊಡಗಿದ. ನನಗೆ ಮಾತ್ರ ತಲೆಬುಡ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಕಳೆದುಹೋದ ಪರ್ಸು ಸಿಕ್ಕಿದರೆ ‘ಇದು ನಿಮ್ಮದಾ’ ಅಂತ ಕೇಳುತ್ತಾರೆ, ಸರಿ. ಕಿಡ್ನಿಯಿಂದ ಬಿದ್ದ ಕಲ್ಲಿಗೂ ವಾರಸುದಾರರು ಯಾರು ಅಂತ ವಿಚಾರಣೆ ನಡೆಸುತ್ತಾರಾ?

ನಡೆಸುತ್ತಾರೆ. ನಡೆಸಬೇಕು ಕೂಡ. ಯಾಕೆ ಅನ್ನುವುದೇ ಈ ವಾರದ ಕಥೆ. (ಊಟ ಮಾಡುತ್ತಾ ಪೇಪರ್ ಓದುವ ಅಭ್ಯಾಸದವರು ಕೈ ತೊಳೆದುಕೊಂಡೇ ಬನ್ನಿ. ವಿಷಯ ಮೂತ್ರದ್ದು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.)

ಮೊದಲು ನಮ್ಮಣ್ಣನ ಕಲ್ಲಿನ ಕೀರ್ತಿ ನಿಮಗೆ ಗೊತ್ತಾಗಬೇಕು. ನನ್ನ ತವರು ಬೆಟ್ಟದಪುರದ ಹತ್ತಿರ. ಅಣ್ಣನಿಗೆ ಅರವತ್ತರ ಆಸುಪಾಸು, ಹೊಗೆಸೊಪ್ಪಿನ ಬೇಸಾಯ. ಬೆಳೆದ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಅನ್ನುವ ಎತ್ತರದ ಗೂಡಿನಲ್ಲಿ ನೇತುಹಾಕಿ, ಕೆಳಗೆ ಒಲೆ ಉರಿಸಿ ಹದ ಮಾಡುತ್ತಾರೆ. ಆ ತಿಂಗಳುಗಳಲ್ಲಿ ಅಣ್ಣ ಆ ಒಲೆಯ ಮುಂದೆಯೇ ಬೆವರು ಸುರಿಸುತ್ತಾ ಇರುತ್ತಾನೆ. ಹೋದ ವರ್ಷ ಅಲ್ಲೇ ಅವನಿಗೆ ಪಕ್ಕೆಯಲ್ಲಿ ನೋವು ಎದ್ದಿತು. ನೆಲದ ಮೇಲೆ ಹೊರಳಾಡಿಬಿಟ್ಟನಂತೆ.

“ಹೆರಿಗೆ ನೋವು ಅಂದ್ರೆ ಏನು ಅಂತ ಈಗ ಗೊತ್ತಾಯ್ತು ಕಣವ್ವ” ಅಂತ ನನ್ನ ಹತ್ತಿರ ಹೇಳಿದ. (ಮೂರು ಮಕ್ಕಳನ್ನು ಹೆತ್ತ ಅತ್ತಿಗೆ ಅಲ್ಲೇ ನಿಂತು ಅವನ ಪಕ್ಕೆಗೆ ಬಿಸಿನೀರಿನ ಶಾಖ ಕೊಡುತ್ತಿದ್ದರು.)

ಪಿರಿಯಾಪಟ್ಟಣದ ಡಾಕ್ಟರೊಬ್ಬರು ಎಕ್ಸ್‌ರೇ ತೆಗೆಸಿದರು. ಏನೂ ಕಾಣಲಿಲ್ಲ. ಸ್ಕ್ಯಾನ್ ಮಾಡಿದಾಗ ಕಲ್ಲು ಕಂಡಿತು. ಇದು ಎಕ್ಸ್‌ರೇಗೆ ಸಿಗದ ಜಾತಿ, ಯೂರಿಕ್ ಆಸಿಡ್ ಕಲ್ಲು ಇರಬಹುದು ಅಂತ ಹೇಳಿ, ಮೂತ್ರದ ಹುಳಿ ಇಳಿಸುವ ಒಂದು ಸಿರಪ್ ಬರೆದುಕೊಟ್ಟರು. ಅಣ್ಣನ ಅದೃಷ್ಟ, ಕಲ್ಲು ಸವೆದು ಸಣ್ಣದಾಗಿ ಒಂದು ದಿನ ತಾನಾಗಿ ಬಿದ್ದುಹೋಯಿತು. ಇಷ್ಟಕ್ಕೇ ಕಥೆ ಮುಗಿಯಬೇಕಿತ್ತಲ್ಲವಾ?

ಎಲ್ಲಿ ಮುಗಿಯುತ್ತದೆ! ಅಣ್ಣ ಅದನ್ನು ತೊಳೆದು, ಒಣಗಿಸಿ, ನಶ್ಯದ ಖಾಲಿ ಡಬ್ಬಿಯೊಂದರಲ್ಲಿ ಹತ್ತಿಯ ಮೇಲೆ ಮಲಗಿಸಿದ. ಅಂದಿನಿಂದ ಆ ಡಬ್ಬಿ ಅವನ ಜೇಬು ಬಿಟ್ಟು ಇಳಿಯಲಿಲ್ಲ. ಟೀ ಅಂಗಡಿಯಲ್ಲಿ ತೋರಿಸಿದ. ಸೊಸೈಟಿಯಲ್ಲಿ ತೋರಿಸಿದ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಏಳುವವರೆಗೂ ಕಾಯದೆ ತೋರಿಸಿದ. ಎಚ್.ಡಿ. ಕೋಟೆ ಕಡೆಯ ನೆಂಟರೊಬ್ಬರು ಯಾವುದೋ ಕ್ಷೇತ್ರದ ಪ್ರಸಾದ ಅಂದುಕೊಂಡು ಡಬ್ಬಿಯನ್ನು ಕಣ್ಣಿಗೊತ್ತಿಕೊಂಡರು. ಅಣ್ಣ ಅವರನ್ನು ತಡೆಯಲೂ ಇಲ್ಲ.

ನಗಬೇಡಿ, ನಿಮ್ಮ ಊರಿನಲ್ಲೂ ಇಂಥವರು ಇದ್ದಾರೆ. ಹುಣಸೂರಿನಿಂದ ಕೆ.ಆರ್. ನಗರದವರೆಗೆ ಯಾವ ಟೀ ಅಂಗಡಿಯಲ್ಲಾದರೂ ಕೂತು ‘ಕಿಡ್ನಿ ಸ್ಟೋನ್’ ಅಂದು ನೋಡಿ. ಶರ್ಟು ಎತ್ತಿ ಪಕ್ಕೆ ತೋರಿಸುವವರು, ಬಾಳೆದಿಂಡಿನ ರಸದ ಮಹಿಮೆ ಹಾಡುವವರು, ಹುರುಳಿ ಬೇಯಿಸಿದ ನೀರಿನ ಪರ ವಾದಕ್ಕೆ ಇಳಿಯುವವರು, ಬಿಯರ್ ಕುಡಿದರೆ ಕರಗುತ್ತದೆ ಅಂತ ಬಹಳ ಆಸೆಯಿಂದ ನಂಬಿಕೊಂಡಿರುವವರು, ಎಲ್ಲರೂ ಸಿಗುತ್ತಾರೆ. ಒಬ್ಬ ಹೆಂಗಸು ಸಿಗುತ್ತಾಳಾ? ಗಂಡಸಿಗೆ ಬಂದರೆ ಅದು ಕಿಡ್ನಿ ಸ್ಟೋನ್. ಹೆಂಗಸಿಗೆ ಬಂದರೆ ಅದರ ಹೆಸರು ಸೊಂಟ ನೋವು.

ಅತ್ತಿಗೆಗೂ ಈ ವರ್ಷ ಬಂದದ್ದು ಸೊಂಟ ನೋವೇ. ಎಡಗಡೆ ಸದಾ ಹಿಡಿದುಕೊಂಡ ಹಾಗೆ. ಜೊತೆಗೆ ಉರಿ, ಮೂತ್ರದಲ್ಲಿ ಮರಳು ಮರಳು. ಆಗಾಗ ಚಳಿಜ್ವರ. ಮಾತ್ರೆ ನುಂಗಿದರೆ ಹೋಗುತ್ತಿತ್ತು, ಕೆಲವು ದಿನ ಬಿಟ್ಟು ತಿರುಗಿ ಬರುತ್ತಿತ್ತು. ಹೇಗೋ ಅಣ್ಣನಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಅವನು ಸುಮ್ಮನಿರುತ್ತಾನಾ? ಅನುಭವಸ್ಥ. ತನ್ನದೇ ಸಿರಪ್ಪಿನ ಚೀಟಿ ತೆಗೆದುಕೊಂಡು ಹೋಗಿ ಬಾಟಲಿಗಳನ್ನು ತಂದ.

“ಒಂದೇ ಬೋರ್‌ವೆಲ್ ನೀರು, ಒಂದೇ ಪಾತ್ರೇಲಿ ತೊಳಸಿದ ಮುದ್ದೆ. ನಂಗೆ ಬಂದಿದ್ದ ಕಲ್ಲೇ ಅವ್ಳಿಗೂ ಬಂದದೆ, ಬುಡು” ಅಂತ ನನಗೆ ಫೋನಿನಲ್ಲಿ ಧೈರ್ಯ ಹೇಳಿದ. ಹೊತ್ತು ಹೊತ್ತಿಗೆ ಲೋಟದಲ್ಲಿ ನೀರಿಗೆ ಬೆರೆಸಿ ತಾನೇ ಕೈಯಾರೆ ಕುಡಿಸಿದ. ಮೂವತ್ತು ವರ್ಷದ ಸಂಸಾರದಲ್ಲಿ ಅಣ್ಣ ಅತ್ತಿಗೆಗೆ ಒಂದು ಲೋಟ ಕಾಫಿ ಬೆರೆಸಿಕೊಟ್ಟದ್ದನ್ನೂ ನಾನು ನೋಡಿಲ್ಲ. ಆ ಲೋಟದಲ್ಲಿ ಪ್ರೀತಿ ಇತ್ತು, ಅದರಲ್ಲಿ ಅನುಮಾನ ಇಲ್ಲ.

ಆದರೆ ಜ್ವರ ಬಿಡಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನಾನು ತವರಿಗೆ ಹೋದಾಗ ಅತ್ತಿಗೆ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರು. ನನಗೆ ಹೆದರಿಕೆಯಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಅವರನ್ನು ಹುಣಸೂರಿಗೆ, ನನ್ನ ಮನೆಗೆ ಕರೆತಂದೆ. ನಮ್ಮಲ್ಲಿನ ಒಂದು ಕ್ಲಿನಿಕ್ಕಿಗೆ ವಾರಕ್ಕೊಮ್ಮೆ ಮೈಸೂರಿನಿಂದ ಕಿಡ್ನಿಯ ಡಾಕ್ಟರು ಬರುತ್ತಾರೆ. ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ, ಕೇಳುವ ತಾಳ್ಮೆ ಜಾಸ್ತಿ.

ಅವರು ಸ್ಕ್ಯಾನ್ ಮಾಡಿಸಿದರು. ಎಡ ಕಿಡ್ನಿಯಲ್ಲಿ ಕಲ್ಲು, ಅದೂ ದೊಡ್ಡದು. ಮೂತ್ರ ಪರೀಕ್ಷೆಗೆ ಕಳಿಸಿ ಜ್ವರಕ್ಕೆ ಔಷಧಿ ಕೊಟ್ಟರು. ಆಮೇಲೆ ಒಂದು ಕೆಲಸ ಹೇಳಿದರು: ಮರಳಿನ ಹಾಗೆ ಏನಾದರೂ ಬೀಳುತ್ತಿದ್ದರೆ ಬಟ್ಟೆಯಲ್ಲಿ ಸೋಸಿ, ಸಿಕ್ಕ ಚೂರನ್ನು ತಂದುಕೊಡಿ. ಅದು ಯಾವ ಬಗೆಯ ಕಲ್ಲು ಅಂತ ಗೊತ್ತಾದರೆ ಚಿಕಿತ್ಸೆ ಸುಲಭ.

ಜ್ವರ ಇಳಿದ ಮೇಲೆ ಅತ್ತಿಗೆ ಊರಿಗೆ ಹೋದರು. ನಾಲ್ಕಾರು ದಿನದಲ್ಲಿ ಅಣ್ಣನೇ ಒಂದು ಪೊಟ್ಟಣ ಹಿಡಿದು ಬಂದ. ಕ್ಲಿನಿಕ್ಕಿನ ಕೌಂಟರಿನಲ್ಲಿ ಕೊಡುವಾಗ ಅವನ ಮುಖ ಸಣ್ಣಗಾಗಿತ್ತು. “ವಾಪಸ್ ಕೊಡ್ತಾರೇನಮ್ಮ?” ಅಂತ ನರ್ಸನ್ನು ಕೇಳಿದ. ಪರೀಕ್ಷೆಗೆ ಪುಡಿ ಮಾಡುತ್ತಾರೆ, ವಾಪಸ್ ಬರುವುದಿಲ್ಲ ಅಂದಳು. ಅಣ್ಣ ನಿಟ್ಟುಸಿರು ಬಿಟ್ಟ. ಹೆಂಡತಿಯ ಕಲ್ಲಿನ ಮೇಲೆ ಇಷ್ಟೊಂದು ಮಮತೆಯಾ ಅಂತ ನಾನು ಮನಸ್ಸಿನಲ್ಲೇ ನಕ್ಕೆ.

ಮುಂದಿನ ಭೇಟಿಯಲ್ಲಿ ಡಾಕ್ಟರು ಎಕ್ಸ್‌ರೇ ಕೂಡ ತೆಗೆಸಿದರು. ಅಷ್ಟರಲ್ಲಿ ಕಲ್ಲಿನ ರಿಪೋರ್ಟೂ ಬಂದಿತ್ತು. ಒಂದು ಕೈಯಲ್ಲಿ ರಿಪೋರ್ಟು, ಇನ್ನೊಂದು ಕೈಯಲ್ಲಿ ಫಿಲಂ. ಎರಡನ್ನೂ ನೋಡಿದರು, ಅತ್ತಿಗೆಯನ್ನು ನೋಡಿದರು, ಆಗಲೇ ಆ ಪ್ರಶ್ನೆ ಕೇಳಿದ್ದು.

“ರಿಪೋರ್ಟು ಇದು ಯೂರಿಕ್ ಆಸಿಡ್ ಕಲ್ಲು ಅಂತಿದೆ. ಆ ಕಲ್ಲು ಎಕ್ಸ್‌ರೇಲಿ ಕಾಣಲ್ಲ. ನಿಮ್ಮ ಕಲ್ಲು ಇಲ್ಲಿ ಬೆಳ್ಳಗೆ ಕಾಣ್ತಿದೆ ನೋಡಿ” ಅಂದರು. ಫಿಲಂನಲ್ಲಿ ಅದು ಶುಂಠಿ ಗೆಡ್ಡೆಯ ಹಾಗೆ ಕವಲು ಕವಲಾಗಿ ಕೂತಿತ್ತು. “ಯೂರಿಕ್ ಆಸಿಡ್ ಕಲ್ಲನ್ನ ನಾವು ಹೆಚ್ಚಾಗಿ ವಯಸ್ಸಾದ ಗಂಡಸರಲ್ಲಿ ನೋಡ್ತೀವಿ. ಹೆಂಗಸರಿಗೆ ಬರೋದೇ ಇಲ್ಲ ಅಂತಲ್ಲ. ಆದ್ರೆ ಇವರಿಗೆ ಪದೇ ಪದೇ ಸೋಂಕು, ಜ್ವರ. ಯಾವುದೂ ತಾಳೆ ಆಗ್ತಿಲ್ಲ.”

ಅತ್ತಿಗೆ ಸೆರಗಿನ ಅಂಚು ತಿರುಚುತ್ತಾ ಕೂತರು. ಅಣ್ಣ ಕೆಮ್ಮಿದ.

“ನಂದೇ ಸಾ ಅದು” ಅಂದ. “ಬಟ್ಟೇಲಿ ಸೋಸು, ಒಣಗ್ಸು ಅಂದ್ರೆ ಇವ್ಳು ನಾಚ್ಕೋತಾಳೆ. ಮನೇಗೆ ಹೊತ್ತು ಹುಟ್ಟಿದ್ರೆ ಜನ ಬತ್ತಾರೆ. ಅದ್ಕೇ ನಂದು ಇತ್ತಲ್ಲ, ಕೊಟ್ಟೆ. ಒಂದೇ ಮನೆ ಅಲ್ವಾ ಸಾ.”

“ಒಂದೇ ಮನೆ ಸರಿ ಸ್ವಾಮಿ. ಒಂದೇ ಕಿಡ್ನಿ ಅಲ್ವಲ್ಲ” ಅಂದರು ಡಾಕ್ಟರು.

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ ನನಗೆ. ಊರಿಗೆಲ್ಲ ತೋರಿಸಿ ಮೆರೆದಿದ್ದ ಕಲ್ಲನ್ನು ಆ ಮನುಷ್ಯ ಹೆಂಡತಿಗೋಸ್ಕರ ತ್ಯಾಗ ಮಾಡಿದ್ದ! ಬೇರೆ ಯಾರ ಗಂಡ ಇಂಥ ಉಡುಗೊರೆ ಕೊಟ್ಟಾನು ಹೇಳಿ?

ಆದರೆ ಡಾಕ್ಟರು ನಗುತ್ತಿರಲಿಲ್ಲ. “ಔಷಧಿ ಏನಾದ್ರೂ ಕೊಟ್ಟಿದ್ರಾ?” ಅಂತ ಕೇಳಿದರು. ಅಣ್ಣ ಹೆಮ್ಮೆಯಿಂದಲೇ ಸಿರಪ್ಪಿನ ಹೆಸರು ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟರು.

“ನಿಮ್ಮ ಕಲ್ಲು ಹುಳಿ ಮೂತ್ರದಲ್ಲಿ ಬೆಳೆಯೋದು. ಆ ಹುಳಿ ಇಳಿಸೋಕೆ ಆ ಸಿರಪ್ಪು. ಇವರ ಕಲ್ಲು ಸೋಂಕಿನಿಂದ ಬೆಳೆದಿರೋ ಥರ ಕಾಣುತ್ತೆ. ಅಂಥ ಕಲ್ಲು ಬೆಳೆಯೋದೇ ಹುಳಿ ಇಳಿದಾಗ. ನಿಮಗೆ ಮದ್ದಾಗಿದ್ದು ಇವರ ಕಲ್ಲಿಗೆ ಗೊಬ್ಬರ ಆಗಿದೆ.”

ಬೇರೆ ಏನು ಹೇಳಿದ್ದರೂ ಅಣ್ಣ ತಲೆ ಕೆರೆದುಕೊಳ್ಳುತ್ತಿದ್ದನೇನೋ. ಗೊಬ್ಬರ ಅಂದರೆ ಅವನಿಗೆ ಚೆನ್ನಾಗಿ ಗೊತ್ತು. ಮುಖ ಕಪ್ಪಿಟ್ಟಿತು. “ಕಿಡ್ನಿ ಹೋಗ್ಬುಡ್ತದಾ ಸಾ?” ಅಂದ. ಅಣ್ಣನನ್ನು ಹಾಗೆ ನಾನು ನೋಡಿರಲಿಲ್ಲ.

“ಇನ್ನೂ ಕೆಲಸ ಮಾಡ್ತಿದೆ. ಹಿಂಗೇ ಬಿಟ್ಟಿದ್ರೆ ಆ ಕಿಡ್ನಿ ಕೈ ಬಿಡ್ತಿತ್ತು. ಈಗ ಉಳಿಸ್ಕೊಬಹುದು” ಅಂದರು ಡಾಕ್ಟರು. ಆ ‘ಉಳಿಸ್ಕೊಬಹುದು’ ಅನ್ನುವ ಮಾತಿಗೆ ಅವರಿಗೆ ಅಲ್ಲೇ ಕೈ ಮುಗಿಯೋಣ ಅನ್ನಿಸಿತು.

ಅವತ್ತು ನಾನು ಕಲಿತ ಪಾಠ ಇದು. ಕಲ್ಲು ಅಂದರೆ ಒಂದೇ ಕಲ್ಲಲ್ಲ. ಜನರಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು, ಅದರಲ್ಲೂ ನಡುವಯಸ್ಸಿನ ಗಂಡಸರಿಗೆ ಅದರ ಕಾಟ ಜಾಸ್ತಿಯಂತೆ. ವಯಸ್ಸು ಏರುತ್ತಾ ಹೋದ ಹಾಗೆ ನಮ್ಮಣ್ಣನ ಜಾತಿಯದು ಹೆಚ್ಚಾಗುತ್ತದೆ. ಹರೆಯದ ಹೆಣ್ಣುಮಕ್ಕಳಲ್ಲಿ ಫಾಸ್ಫೇಟಿನ ಕಲ್ಲು ಸ್ವಲ್ಪ ಹೆಚ್ಚು. ಸೋಂಕಿನ ಕಲ್ಲು ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ. ಪುಟ್ಟ ಮಕ್ಕಳಿಗೆ ಬಂದರೆ ಅಪ್ಪ ಅಮ್ಮನಿಂದ ಬಳುವಳಿಯಾಗಿ ಬಂದ ದೋಷ ಇದೆಯಾ ಅಂತಲೂ ಹುಡುಕುತ್ತಾರೆ. ಇದೆಲ್ಲ ಕಡ್ಡಾಯದ ಕಾನೂನಲ್ಲ, ಯಾರಿಗೆ ಯಾವುದು ಬೇಕಾದರೂ ಬರಬಹುದು ಅಂತ ಡಾಕ್ಟರು ಒತ್ತಿ ಹೇಳಿದರು. ಆದರೆ ವಯಸ್ಸು ಎಷ್ಟು, ಗಂಡೋ ಹೆಣ್ಣೋ ಅಂತ ಕೇಳದೆ ಕಲ್ಲಿಗೆ ಮದ್ದು ಕೊಡುವುದು ಮಾತ್ರ ತಪ್ಪು.

ನಾವು ಮಾಡುವುದೇ ಆ ತಪ್ಪನ್ನು. ‘ನಮ್ಮ ಭಾವಂಗೆ ಈ ಮಾತ್ರೇಲೇ ವಾಸಿಯಾಯ್ತು, ನೀನೂ ತಗೊ’ ಅನ್ನುವ ಉದಾರ ಬುದ್ಧಿ ನಮ್ಮಲ್ಲಿ ಮನೆ ಮನೆಗೂ ಇದೆ. ಚಪ್ಪಲಿ ಎರವಲು ಕೊಡುವಾಗ ಸೈಜು ನೋಡುತ್ತೇವೆ. ಔಷಧಿಗೆ ಅದೂ ಬೇಡವಾ?

ಡಾಕ್ಟರ ಪ್ರಶ್ನೆ ಇನ್ನೂ ಮುಗಿದಿರಲಿಲ್ಲ. “ನೀರು ಎಷ್ಟು ಕುಡೀತೀರಮ್ಮ?” ಅಂದರು.

“ಚೆಂದಾಗೇ ಕುಡೀತಾಳೆ ಸಾ” ಅಂದ ಅಣ್ಣ.

“ಅವರು ಹೇಳಲಿ.”

ಅತ್ತಿಗೆ ನನ್ನ ಕಡೆ ನೋಡಿದರು. ಹೇಳಿ ಅಂತ ಕಣ್ಣಿನಲ್ಲೇ ಅಂದೆ. ಅವರು ಡಾಕ್ಟರಿಗೆ ಅಲ್ಲ, ನನಗೇ ಹೇಳುವ ಹಾಗೆ ಮೆಲ್ಲಗೆ ಮಾತಾಡಿದರು.

“ಬ್ಯಾರನ್ ಕೆಲ್ಸ ಸುರುವಾದ್ರೆ ಬೆಳಿಗ್ಗೆ ಕಾಪಿ ಕುಡುದ್ಮೇಲೆ ನೀರು ಮುಟ್ಟಾಕಿಲ್ಲ ರತ್ನಮ್ಮ. ನಾನೊಬ್ಳೇ ಅಲ್ಲ, ಸೊಪ್ಪು ಕಟ್ಟಕೆ ಬರೋ ಹೆಂಗಸ್ರು ಯಾರೂ ಕುಡಿಯಾಕಿಲ್ಲ. ಸುತ್ತಾ ಬಯಲು. ಒಂದ್ಕಡೆ ರೋಡು, ಇನ್ನೊಂದ್ಕಡೆ ಒಲೆ ಹತ್ರ ಗಂಡಸ್ರು. ಕುಡುದ್ರೆ ಎಲ್ಲಿಗೆ ಹೋಗದು? ಸಂಜೆ ಮನೆ ಸೇರೋಗಂಟ ತಡ್ಕಬೇಕು.”

ಅದೊಂದೇ ಕಾರಣ ಅನ್ನಲಾಗದು, ಆದರೆ ನೀರು ಕುಡಿಯದೆ ಹೊತ್ತುಗಟ್ಟಲೆ ತಡೆದುಕೊಂಡರೆ ಸೋಂಕಿಗೆ ದಾರಿ ಮಾಡಿಕೊಟ್ಟ ಹಾಗೆ ಅಂತ ಡಾಕ್ಟರು ಹೇಳಿದರು. ಹುಣಸೂರಿನಿಂದ ಬಸ್ಸು ಹತ್ತುವ ಮುಂಚೆ ನಾನೂ ನೀರು ಕುಡಿಯುವುದಿಲ್ಲ. ನನ್ನ ಪಕ್ಕದ ಸೀಟಿನವಳೂ ಕುಡಿಯುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಎಲ್ಲರಿಗೂ ಗೊತ್ತು.

ಅಣ್ಣ ಅತ್ತಿಗೆಯ ಫಿಲಂ ತಾನೇ ಹಿಡಿದುಕೊಂಡು ಹೊರಗೆ ಬಂದ. ಒಂದೇ ಬ್ಯಾರನ್ನು. ಅದರ ಬಿಸಿಗೆ ಬೆವರಿ ಬೆವರಿ ಅವನಿಗೆ ಕಲ್ಲು ಬಂದಿತ್ತು, ಅದರ ಪಕ್ಕದಲ್ಲಿ ತಡೆದುಕೊಂಡು ತಡೆದುಕೊಂಡು ಅತ್ತಿಗೆಗೆ ಬಂದಿತ್ತು. ಅಣ್ಣ ಅವರ ಕಡೆ ತಿರುಗಿ, “ಇಷ್ಟು ವರ್ಸ ಯಾಕೆ ಹೇಳ್ನಿಲ್ಲ ದಾಕ್ಷಿ?” ಅಂದ.

“ನೀವು ಕೇಳ್ನಿಲ್ಲ” ಅಂದರು ಅತ್ತಿಗೆ. ಸಿಟ್ಟಿನಿಂದಲ್ಲ, ಸುಮ್ಮನೆ.

ಸೋಂಕು ಇಳಿಸಿ, ಮೈಸೂರಿನಲ್ಲಿ ಬೆನ್ನಿಗೆ ಸಣ್ಣ ತೂತು ಮಾಡಿ ಆ ಕಲ್ಲನ್ನು ಒಡೆದು ತೆಗೆದರು. ಈ ಸಲ ಸಾಕ್ಷಾತ್ ಅತ್ತಿಗೆಯ ಕಲ್ಲೇ ಪರೀಕ್ಷೆಗೆ ಹೋಯಿತು. ಡಾಕ್ಟರು ಊಹಿಸಿದ ಹಾಗೆಯೇ ಸೋಂಕಿನ ಕಲ್ಲು. ಕಿಡ್ನಿ ಉಳಿಯಿತು. ಆಪರೇಷನ್ ಆದ ಮೇಲೆ ಅತ್ತಿಗೆ ನನ್ನ ಮನೆಯಲ್ಲೇ ಇದ್ದರು. ಬಂದವರೆಲ್ಲ “ಏನಾಗಿತ್ತು?” ಅಂತ ಕೇಳಿದರೆ “ಕಿಡ್ನೀಲಿ ಕಲ್ಲಿತ್ತು” ಅಂತ ಸ್ಪಷ್ಟವಾಗಿ ಹೇಳಿದರು. ಸೊಂಟ ನೋವು ಅನ್ನಲಿಲ್ಲ. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಆ ದಿನ ಪಾಯಸ ಮಾಡಿದೆ.

ಅತ್ತ ಅಣ್ಣ ಬ್ಯಾರನ್ ಪಕ್ಕದಲ್ಲಿ ಟಾಯ್ಲೆಟ್ ಕಟ್ಟಿಸಿದ. ಇಟ್ಟಿಗೆ ಗೋಡೆ, ಮೇಲೆ ಶೀಟು, ಒಳಗೆ ಚಿಲಕ. ಸೀಸನ್ ಶುರುವಾಯಿತು. ಕೆಲವೇ ದಿನದಲ್ಲಿ ಅವನ ಫೋನು ಬಂತು.

“ಒಬ್ಳೂ ಒಳೀಕ್ ಕಾಲಿಡಾಕಿಲ್ಲ ಕಣವ್ವ. ಇವ್ರಿಗೆಲ್ಲ ಅಭ್ಯಾಸ ಇಲ್ಲ, ಬುಡು. ಕಟ್ಸಿದ್ದು ದಂಡ.”

ಈ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ಜನಕ್ಕೆ ಅಭ್ಯಾಸ ಇಲ್ಲ, ಎಷ್ಟು ಮಾಡಿಕೊಟ್ಟರೂ ಅಷ್ಟೇ! ಎಷ್ಟು ಆರಾಮದ ಮಾತು ನೋಡಿ. ಹೇಳಿದವನ ಕೆಲಸ ಅಲ್ಲಿಗೆ ಮುಗಿಯಿತು.

“ಯಾಕೆ ಹೋಗ್ತಿಲ್ಲ ಅಂತ ಕೇಳಿದ್ಯಾ ಅಣ್ಣ?” ಅಂದೆ. ಒಂದು ಸಲ ಏಟು ತಿಂದಿದ್ದ ಮನುಷ್ಯ, ಬೇಗ ಅರ್ಥವಾಯಿತು. ತಾನು ಕೇಳಿದರೆ ಹೇಳಲಾರರು ಅಂತ ಅಷ್ಟು ಹೊತ್ತಿಗೆ ಊರಿಗೆ ಮರಳಿದ್ದ ಅತ್ತಿಗೆಯ ಕೈಲಿ ಕೇಳಿಸಿದ.

ಸೊಪ್ಪು ಕಟ್ಟುವವರಲ್ಲಿ ಹಿರಿಯಳಾದ ಸಣ್ಣಮ್ಮ ಉತ್ತರ ಕೊಟ್ಟಳಂತೆ: “ಚೆಂದಾಗೇನೋ ಕಟ್ಸವ್ರೆ ಕಣಕ್ಕ. ಬಾಗ್ಲ ಮಾತ್ರ ಒಲೆ ಕಡೀಕ್ ಮಡಗವ್ರೆ. ಸೌದೆ ಹಾಕೋ ಗಂಡಸ್ರೆಲ್ಲ ಅಲ್ಲೇ ಕುಂತಿರ್ತಾರೆ. ಅವ್ರ ಕಣ್ಮುಂದೆ ಚೊಂಬು ಹಿಡ್ಕಂಡು ಒಳೀಕೋಗಿ, ಚೊಂಬು ಹಿಡ್ಕಂಡು ಈಚೀಗ್ ಬರದಾ?”

ಬಾಗಿಲು ಬ್ಯಾರನ್ ಕಡೆಗಿದ್ದರೆ ಅನುಕೂಲ ಅಂತ ಅಣ್ಣ ಅಂದುಕೊಂಡಿದ್ದ. ಯಾರ ಅನುಕೂಲ? ಮರುದಿನವೇ ಮೇಸ್ತ್ರಿ ಬಂದ. ಆ ಬಾಗಿಲು ಮುಚ್ಚಿ, ಹಿಂದಿನ ಗೋಡೆ ಒಡೆದು, ಜೋಳದ ಹೊಲದ ಕಡೆಗೆ ಬಾಗಿಲು ತಿರುಗಿಸಿದರು. ಬೋರ್‌ವೆಲ್ಲಿನ ಪೈಪಿನಿಂದ ಒಳಗೇ ಒಂದು ನಲ್ಲಿ ಹಾಕಿದರು. ಚೊಂಬು ಹಿಡಿದು ನಡೆಯುವ ಮಾತೇ ಇಲ್ಲ.

ಹೋದ ವಾರ ಊರಿಗೆ ಹೋಗಿದ್ದೆ. ಅತ್ತಿಗೆಯ ಹೊಸ ಸ್ಕ್ಯಾನ್ ರಿಪೋರ್ಟು ಕೈಯಲ್ಲಿತ್ತು. ಕಲ್ಲು ಇಲ್ಲ, ಸೋಂಕೂ ಇಲ್ಲ. ನೇರ ಬ್ಯಾರನ್ ಹತ್ತಿರ ನಡೆದೆ. ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು, ಬಾಯಿಗೂ ಬಿಡುವಿರಲಿಲ್ಲ. ನಡುವೆ ನೀರಿನ ಬಿಂದಿಗೆ. ಪಕ್ಕದ ಬ್ಯಾರನ್ನಿನ ಇಬ್ಬರು ಹೆಂಗಸರು ಬಂದು ನಾಳೆಯಿಂದ ನಾವೂ ಇಲ್ಲಿಗೇ ಕೆಲಸಕ್ಕೆ ಬರುತ್ತೇವೆ ಅಂತ ಮಾತಾಡಿಕೊಂಡು ಹೋದರು. ಕೆಲಸಕ್ಕೆ ಜನ ಸಿಗುವುದಿಲ್ಲ ಅಂತ ತಾಲ್ಲೂಕೆಲ್ಲ ಗೋಳಾಡುವಾಗ ಇದು!

ಅಣ್ಣ ಖಾಲಿ ಬಿಂದಿಗೆ ಎತ್ತಿಕೊಂಡು ಗೊಣಗಿದ: “ಇನ್ನೂ ಮಧ್ಯಾಹ್ನ ಆಗಿಲ್ಲ, ಆಗ್ಲೇ ಬರಿದು ಮಾಡವ್ರೆ. ಎಷ್ಟ್ ನೀರು ಕುಡೀತಾರವ್ವ ಈ ಹೆಂಗಸ್ರು!” ಗೊಣಗಾಟದಲ್ಲಿ ಹಿಗ್ಗು ತುಂಬಿಕೊಂಡಿತ್ತು. ನೀರು ತುಂಬಿಕೊಂಡು ಬಂದು ಮೊದಲ ಲೋಟ ಅತ್ತಿಗೆಗೆ ಕೊಟ್ಟ. ಅವರು ಎಲ್ಲರ ಎದುರಿಗೆ ಗಟಗಟ ಕುಡಿದು, ಇನ್ನೊಂದು ಲೋಟಕ್ಕೆ ಕೈ ಚಾಚಿದರು. ನನಗೆ ಕಣ್ಣು ತುಂಬಿ ಬಂತು.

ಈಗ ನಿಮ್ಮನ್ನು ಕೇಳುತ್ತೇನೆ: ನಿಮ್ಮ ಹೊಲದಲ್ಲಿ, ಅಂಗಡಿಯಲ್ಲಿ, ಆಫೀಸಿನಲ್ಲಿ ದುಡಿಯುವ ಹೆಂಗಸಿನ ನೀರಿನ ಬಾಟಲಿ ಸಂಜೆಗೂ ತುಂಬಿಯೇ ಇದ್ದರೆ, ಅವಳಿಗೆ ಬಾಯಾರಿಕೆಯೇ ಆಗಿಲ್ಲ ಅಂದುಕೊಂಡಿರಾ?